ಒಂದೆಳೆ ತಂತಿ

"ಕಾಂತಪ್ಪ ಕಾಕಾ! ಲೈಟ್ ಗಯಾ!"

ಎರಡನೇ ಮಾಳಿಗೆಯಿಂದ ನಿಶಾಳ ಕೂಗು ಕೆಳಗೆ ಮುಟ್ಟುವಷ್ಟರಲ್ಲಿ ಕಾಂತಪ್ಪ ಎದ್ದಾಗಿತ್ತು. ಮುಂಬಯಿ ಬೈಕುಲ್ಲಾದ ಆ ಹಳೆಯ ಚಾಳಿನಲ್ಲಿ ಮೀಟರುಗಳಿದ್ದುದು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಅದಕ್ಕೆ ತಾಗಿಯೇ ಅವನ ಕೋಣೆ. ಮರದ ಹಲಗೆಯ ಮೇಲೆ ಸಾಲಾಗಿ ಕೂತ ಪಿಂಗಾಣಿ ಫ್ಯೂಸುಗಳಲ್ಲಿ ಯಾವುದು ಯಾರ ಮನೆಯದೆಂದು ಅವನೊಬ್ಬನಿಗೆ ಗೊತ್ತಿತ್ತು. ಉಳಿದವರು ಆ ಗೋಜಿಗೇ ಹೋಗಿರಲಿಲ್ಲ. ನಿಶಾಳ ಮನೆಯ ಫ್ಯೂಸು ಕಿತ್ತು, ಸುಟ್ಟ ತಂತಿಯನ್ನು ಕೆರೆದು ತೆಗೆದು, ಹೊಸ ಎಳೆ ಸುತ್ತಿ ಸಿಕ್ಕಿಸಿದ. ಕೆಲಸ ಅಲ್ಲಿಗೆ ಮುಗಿದಿದ್ದರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ.

"ಬಂತಾ ಮಗಾ? ಎಂತೆಂತ ಹಾಕಿದ್ದೆ ಒಟ್ಟಿಗೆ?"

"ಇಸ್ತ್ರಿ, ಮತ್ತೆ ಮಿಕ್ಸರ್... ಸಾರಿ ಕಾಕಾ. ಬೈಠೋ ನಾ, ಚಾ ಇಡ್ತೇನೆ."

ಈ ಚಹಾಕ್ಕಾಗಿಯೇ ಅವನು ಬಂದದ್ದು. ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಂತೇ ಆಯುಷ್ಯ ಸವೆಸಿದವನು ಕಾಂತಪ್ಪ. ಊರಲ್ಲಿ ತಂಗಿಯರ ಮದುವೆ ಮಾಡಿಸುತ್ತ ಮಾಡಿಸುತ್ತ ತನ್ನದನ್ನು ಮರೆತುಬಿಟ್ಟಿದ್ದ. ವಯಸ್ಸಾಗಿ ಹೋಟೆಲು ಬಿಟ್ಟ ಮೇಲೆ ಉಳಿದದ್ದು ಈ ಕೋಣೆ, ಮತ್ತೆ ಹೋಟೆಲಿನ ಗ್ರೈಂಡರು ಮುಷ್ಕರ ಹೂಡಿದಾಗೆಲ್ಲ ಕಟ್ಟಿ ಕಟ್ಟಿ ಕಲಿತ ಫ್ಯೂಸಿನ ವಿದ್ಯೆ. ಕೆಲಸವಿಲ್ಲದೆ ಇನ್ನೊಬ್ಬರ ಬಾಗಿಲು ತಟ್ಟುವುದನ್ನು ಮಾತ್ರ ಅವನು ಎಲ್ಲಿಯೂ ಕಲಿತಿರಲಿಲ್ಲ.

ಅದಕ್ಕೇ ಒಂದು ಉಪಾಯ ಹೂಡಿದ್ದ. ಬೇರೆ ಚಾಳುಗಳಲ್ಲಿ ಫ್ಯೂಸು ಪದೇ ಪದೇ ಹೋಗದಿರಲೆಂದು ದಪ್ಪ ತಂತಿ ಬಿಗಿಯುತ್ತಾರೆ. ನಮ್ಮ ಕಾಂತಪ್ಪನದು ತದ್ವಿರುದ್ಧ. ಬೇಕಾದ್ದಕ್ಕಿಂತ ಸಪೂರದ್ದು, ಅದೂ ಒಂದೇ ಎಳೆ. ಇಸ್ತ್ರಿಯ ಜೊತೆಗೆ ಮಿಕ್ಸರು ತಿರುಗಿತೋ, ಫಟ್! ಮೇಲಿನಿಂದ ಕೂಗು ಬರುತ್ತಿತ್ತು, ಹಿಂದೆಯೇ ಚಹಾ. ಇಷ್ಟು ಸಣ್ಣ ತಂತಿ ಯಾಕೆಂದು ಯಾರಾದರೂ ಕೇಳಿದರೆ "ಸೇಫ್ಟಿ" ಎನ್ನುತ್ತಿದ್ದ. ಅದೇನು ಪೂರ್ತಿ ಸುಳ್ಳಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಅವತ್ತು ಚಹಾ ಅರ್ಧ ಕುಡಿಯುವಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಿಶಾಳ ಮಗು ಮಲಗಿದ್ದ ತೊಟ್ಟಿಲಿನ ಮೇಲ್ಗಡೆಯೇ ಸ್ವಿಚ್ ಬೋರ್ಡು. ಕಾಂತಪ್ಪ ಎದ್ದು ಅದರ ಪಕ್ಕದ ಗೋಡೆಗೆ ಅಂಗೈ ಇಟ್ಟ. ಕಾವಲಿಯ ಕಾವು ತಿಳಿದ ಕೈ ಅದು, ಸರಕ್ಕನೆ ಹಿಂದಕ್ಕೆ ಬಂತು.

"ಮಗುವನ್ನು ಎತ್ತಿಕೋ. ಈಗಲೇ," ಎಂದವನೇ ಕೆಳಗಿಳಿದು ತಾನು ಈಗಷ್ಟೇ ಹಾಕಿದ ಫ್ಯೂಸನ್ನು ಕಿತ್ತಿಟ್ಟ. ಮೇಲೆ ಗೋಡೆ ಅಷ್ಟು ಕಾದರೂ ಅದರ ಎಳೆ ಕಡಿದಿರಲಿಲ್ಲ.

ಚಾಳಿನ ಕಾರ್ಯದರ್ಶಿ ಶಾಮಣ್ಣ ಮರುದಿನ ವೈರ್‌ಮನ್ ಗುರುಬಸವನನ್ನು ಕರೆತಂದ. ಗುರುಬಸವ ಬೋರ್ಡು ಬಿಚ್ಚಿ ತಂತಿ ಹೊರಗೆಳೆದ. ಅದರ ಮೇಲಿನ ಹೊದಿಕೆ ವಿಭೂತಿಯಂತೆ ಉದುರಿತು.

"ಗ್ವಾಡ್ಯಾಗಿನ ವಾಯರ್ ಸತ್ತ್ ಹೋಗೇತ್ರಿ. ಜಾಯಿಂಟ್ ಸಡ್ಲಾಗಿ ಕಾಯಾಕ ಹತ್ತೈತಿ. ಫ್ಯೂಸ್ ಎಷ್ಟ ಸಣ್ಣದ್ ಹಾಕಿದ್ರೂ ಇದು ಅದಕ್ಕ ತಿಳಿಯಂಗಿಲ್ಲ," ಎಂದ. "ಎಲ್ಲಾ ಮನಿದೂ ಹೊಸಾ ವಾಯರ್ ಎಳೀಬೇಕ್ರಿ. ಫ್ಯೂಸ್ ತಗದು ಎಂಸಿಬಿ ಸ್ವಿಚ್ ಹಾಕೂಣು. ಲೋಡ್ ಹೆಚ್ಚಾದ್ರ ತಾನ ಬೀಳ್ತೈತಿ, ಮ್ಯಾಲ ಎತ್ತಿದ್ರ ಆತು. ಸಣ್ ಹುಡುಗ್ರೂ ಮಾಡ್ತಾವ."

ಆ ಕೊನೆಯ ಮಾತು ಕಾಂತಪ್ಪನಿಗೆ ಚುಚ್ಚಿತು.

ಭಾನುವಾರ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಖರ್ಚೆಂದರೆ ಯಾರಿಗೆ ಪ್ರೀತಿ? ನಿಶಾಳ ಮನೆಯದೊಂದು ಸರಿಮಾಡಿ ಉಳಿದದ್ದು ಆಮೇಲೆ ನೋಡೋಣ ಎಂದು ಮುಕ್ಕಾಲು ಜನ ರಾಗ ಎಳೆದರು. ಶಾಮಣ್ಣ ತಲೆ ಕೆರೆದುಕೊಂಡ.

"ನೋಡಿ, ಇಷ್ಟು ವರ್ಷ ಈ ಬಿಲ್ಡಿಂಗ್ ಕರೆಂಟು ನೋಡ್ಕೊಂಡಿರೋರು ಕಾಂತಪ್ಪನೋರು. ಫ್ಯೂಸ್ ಇದ್ರೆ ಪರವಾಗಿಲ್ಲ ಅಂತ ಅವರು ಹೇಳಿದ್ರೆ ಮುಂದಿನ ವರ್ಷಕ್ಕೆ ಹಾಕೋಣ. ಏನಂತೀರಿ ಕಾಂತಪ್ಪನೋರೇ?"

ಎಲ್ಲರ ಮುಖವೂ ಅವನತ್ತ ತಿರುಗಿತು. ಅಷ್ಟೊಂದು ಜನ ಒಟ್ಟಿಗೆ ತನ್ನನ್ನು ನೋಡಿದ ನೆನಪೇ ಅವನಿಗಿರಲಿಲ್ಲ. ಪರವಾಗಿಲ್ಲ ಎಂದುಬಿಟ್ಟರೆ ಕೂಗು, ಚಹಾ, ಮಾತು ಎಲ್ಲ ಮೊದಲಿನಂತೆಯೇ ಉಳಿಯುತ್ತಿತ್ತು. ಬಾಯಿ ತೆರೆದ. ಹಿಂದೆ ಕಂಬಕ್ಕೊರಗಿ ನಿಂತ ನಿಶಾಳ ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು.

"ಪೂರಾ ಬದಲಿಸುವ," ಎಂದ. "ಮುಂದಿನ ವರ್ಷ ಎಲ್ಲ ಬೇಡ. ನನ್ನ ಫ್ಯೂಸನ್ನು ನಂಬಿ ಕೂತ್ಕೊಳ್ಬೇಡಿ ಮಾರಾಯ್ರೆ."

ಯಾರೋ ಬೆನ್ನು ತಟ್ಟಿದರು.

ಗುರುಬಸವ ಮಾತಿಗೆ ತಕ್ಕಂತೆ ಕೆಲಸ ಮಾಡಿದ. ಪಿಂಗಾಣಿ ಫ್ಯೂಸುಗಳು ಗೋಣಿಚೀಲ ಸೇರಿ ಗುಜರಿಗೆ ಹೋದವು. ಅವುಗಳ ಜಾಗದಲ್ಲಿ ಹೊಳೆಯುವ ಡಬ್ಬಿ, ಒಳಗೆ ಮನೆಗೊಂದು ಸ್ವಿಚ್ಚು, ಪ್ರತಿಯೊಂದರ ಕೆಳಗೂ ಎದ್ದು ಕಾಣುವ ಹೆಸರು. ಆಮೇಲೆ ಕಾಂತಪ್ಪನನ್ನು ಯಾರೂ ಕೂಗಲಿಲ್ಲ. ಬಾಗಿಲು ತೆರೆದಿಟ್ಟು ಕೂತರೆ ಹೋಗುವವರು ಬರುವವರು "ಕೈಸೇ ಹೋ ಕಾಕಾ" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಚಹಾ ತಾನೇ ಮಾಡಿಕೊಂಡ. ಊರಿಗೆಲ್ಲ ದೋಸೆ ಹುಯ್ದು ಬಡಿಸಿದವನಿಗೆ ತನ್ನೊಬ್ಬನ ಪಾಲಿನ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಇಷ್ಟು ವರ್ಷ ತಾನು ಒಬ್ಬಂಟಿಯಾಗಿದ್ದೆ ಎನ್ನುವುದು ಅವನಿಗೆ ಗೊತ್ತಾದದ್ದೇ ಈಗ.

ಒಂದು ಮಧ್ಯಾಹ್ನ ತಡೆಯಲಾರದೆ ಡಬ್ಬಿಯ ಮುಂದೆ ಹೋಗಿ ನಿಂತ. ಎಡಬಲ ನೋಡಿ, ಮುಚ್ಚಳ ತೆರೆದು, ನಿಶಾಳ ಮನೆಯ ಸ್ವಿಚ್ಚನ್ನು ಕೆಳಕ್ಕೆ ಒತ್ತಿದ. ಮೇಲಕ್ಕೆ ಕಿವಿಗೊಟ್ಟ. ಕೂಗು ಬರಲಿಲ್ಲ. ಚಪ್ಪಲಿಯ ಸಪ್ಪಳ ಬಂತು.

"ಅರೇ ಕಾಕಾ, ನೀವು ಇಲ್ಲೇ? ನಮ್ಮ ಸ್ವಿಚ್ ಬಿದ್ದಿದೆ ಕಾಣ್ತದೆ," ಎನ್ನುತ್ತ ನಿಶಾ, ಮಗುವನ್ನು ಸೊಂಟದಲ್ಲಿಟ್ಟುಕೊಂಡೇ, ಟಕ್ಕೆಂದು ಅದನ್ನು ಮೇಲೆತ್ತಿದಳು. ಮುಗಿಯಿತು. ಅವಳು ಆಗಲೇ ಹೊರಟಿದ್ದಳು.

"ಮಗಾ," ಎಂದ ಕಾಂತಪ್ಪ. "ಅದು... ಅದು ಹೇಗೆ ಮಾಡಿದ್ದು? ನನಗೆ ಹಳೇದು ಮಾತ್ರ ಗೊತ್ತುಂಟು. ಒಮ್ಮೆ ತೋರ್ಸು."

ನಿಶಾ ನಕ್ಕು ಹಿಂದಿರುಗಿದಳು. "ಈಸಿ ಹೈ ಕಾಕಾ. ನೋಡಿ, ಹೀಗೆ ನೀಚೆ. ಹೀಗೆ ಊಪರ್."

"ಇನ್ನೊಮ್ಮೆ."

ಅವಳು ಇನ್ನೊಮ್ಮೆ ಮಾಡಿದಳು.

"ಗೊತ್ತಾಗ್ಲಿಲ್ಲ ಮಗಾ. ಇನ್ನೊಮ್ಮೆ ತೋರ್ಸು."

ನಿಶಾಳ ನಗು ನಿಂತಿತು. ಅವನ ಮುಖವನ್ನೇ ನೋಡಿದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಸ್ವಿಚ್ಚನ್ನು ಮತ್ತೆ ಕೆಳಗಿಳಿಸಿ, ಅವನ ಬೆರಳನ್ನು ಹಿಡಿದು ಸ್ವಿಚ್ಚಿನ ಮೇಲಿಟ್ಟಳು. "ಆರಾಮ್ ಸೇ," ಎಂದು ಮೆಲ್ಲಗೆ ಹೇಳಿ, ತನ್ನ ಬೆರಳನ್ನು ಅದರ ಮೇಲಿಟ್ಟು, ನಿಧಾನವಾಗಿ ಮೇಲಕ್ಕೆ ತಳ್ಳಿದಳು.