ಕಂಚುಗಾರರ ಚೌಕದ ಕಿವುಡ

ಬೂಶ್ತಾ ಮಣ್ಣಾದ ಮೂರನೆಯ ದಿನ, ಫೆಸ್ ಊರಿನ ಆ ಓಣಿಯವರೆಲ್ಲ ಅವನ ಮನೆಯಂಗಳದಲ್ಲಿ ಗೋಧಿರವೆಯ ಕುಸ್ಕುಸ್ ಉಣ್ಣಲು ಕೂತಿದ್ದರು. ಬಿಳಿ ಬಟ್ಟೆ ಉಟ್ಟ ಅವನ ಹೆಂಡತಿ ತಾಮು ಒಳಕೋಣೆಯ ಬಾಗಿಲಲ್ಲಿ, ತಂಗಿ ಹನಿಯಾಳ ಪಕ್ಕದಲ್ಲಿ ಕೂತು ಒಂದೇ ಒಂದು ಮಾತಿಗೆ ಕಾಯುತ್ತಿದ್ದಳು. ಗಂಡ ನಿನ್ನ ಮೇಲೆ ಮನಸ್ಸು ತಂಪಾಗಿಟ್ಟುಕೊಂಡು ಹೋದ ಅಂತ ಯಾರಾದರೂ ನಾಲ್ಕು ಜನರೆದುರು ಹೇಳಬೇಕಿತ್ತು. ಆ ಮಾತು ಸಿಗದ ವಿಧವೆಗೆ ಅಲ್ಲಿ ಇಹವೂ ಇಲ್ಲ, ಪರವೂ ಇಲ್ಲ. ಬೂಶ್ತಾ ತಾನೇ ಹೇಳಿ ಹೋಗೋಣವೆಂದರೆ ಕೊನೆಗೆ ಅವನ ದನಿ ಬಿದ್ದುಹೋಗಿತ್ತು. ಬರೀ ತುಟಿ ಅದುರುತ್ತಿತ್ತು. ಇನ್ನು ಹೇಳಬಲ್ಲವನೆಂದರೆ ಅಲ್ಲಾಲ್. ಕಂಚುಗಾರರ ಚೌಕದಲ್ಲಿ ಬೂಶ್ತಾನ ಎದುರಿಗೆ ಕೂತೇ ಮುದುಕನಾದವನು, ಅವನಷ್ಟೇ ಕಿವುಡ. ಕೊನೆಯ ದಿನ ಹಾಸಿಗೆಯ ಪಕ್ಕ ಇದ್ದವನೂ ಅವನೇ.

ಬಂದವರು ಸತ್ತವನ ಗುಣ ಎತ್ತಿ ಆಡುತ್ತಿದ್ದರು. ಮದುವೆ ಮನೆಯ ದೊಡ್ಡ ಹಂಡೆಯನ್ನು ಬೆಸುಗೆಯಿಲ್ಲದೆ ಒಂದೇ ತಗಡಿನಿಂದ ಎಬ್ಬಿಸುವ ಕೈ ಇನ್ನು ಹುಟ್ಟುವುದಿಲ್ಲ ಎಂದರು. ಹೆಂಡತಿಗೆ ಕಾಲುನೋವು ಬಂದಾಗ, ಗಂಡಸರು ನಕ್ಕರೂ ಲೆಕ್ಕಿಸದೆ ರೊಟ್ಟಿಯ ಹಲಗೆಯನ್ನು ತಲೆಮೇಲಿಟ್ಟು ಓಣಿಯವರೆಲ್ಲ ರೊಟ್ಟಿ ಸುಡಿಸುವ ಒಲೆಗೆ ಹೋಗಿಬರುತ್ತಿದ್ದನಲ್ಲ, ಅದನ್ನೂ ನೆನೆದರು.

ತಾಮುವಿಗೆ ನೆನಪಾಗುತ್ತಿದ್ದದ್ದೇ ಬೇರೆ. ಸುತ್ತಿಗೆಯ ಸದ್ದಿಗೆ ಬೂಶ್ತಾನ ಕಿವಿ ಹೋದಾಗ ಕಿರಿಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಮೊದಮೊದಲು ತಾಮು ಕೂಗಿ ಹೇಳುತ್ತಿದ್ದಳು, ಆಮೇಲೆ ಕೈಸನ್ನೆ ಮಾಡಿದಳು. ಒಂದು ದಿನ ಬೇಸತ್ತು, ನಗುಮುಖದಲ್ಲೇ ಚಹಾ ನೀಡುತ್ತ, “ಕುಡಿ ಕತ್ತೆ, ಕುಡಿದು ಸಾಯಿ,” ಅಂದಳು. ಅವನು ಲೋಟ ಇಸಿದುಕೊಂಡು ನಕ್ಕ. ದೊಡ್ಡ ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅದು ಮನೆಯ ಆಟವೇ ಆಯಿತು. ಮಕ್ಕಳು ಅಪ್ಪನ ಕೆನ್ನೆಗೆ ಮುತ್ತಿಟ್ಟು ಮುದ್ದಿನ ರಾಗದಲ್ಲಿ ಬೈಯುವರು. ನೆಂಟರು ಬಂದರೆ ಹನಿಯಾ ಅಕ್ಕನಿಗೆ, “ಎಲ್ಲಿ, ನಿನ್ನ ಕತ್ತೆಯನ್ನು ಕುಣಿಸು,” ಎನ್ನುವಳು. ಬೂಶ್ತಾ ಒಬ್ಬೊಬ್ಬರ ಮುಖವನ್ನೂ ನೋಡಿ ನಕ್ಕು, ಕಿತ್ತಳೆ ಸುಲಿದು ಎಲ್ಲರಿಗೂ ತೊಳೆ ಹಂಚುವನು.

ಅಂಗಳದ ಆ ತುದಿಯಲ್ಲಿ ಅಲ್ಲಾಲ್ ಉಣ್ಣುತ್ತಿದ್ದ. ಕೈ ನಡುಗಿ ಕುಸ್ಕುಸ್ ಗಡ್ಡಕ್ಕೆ ಉದುರುತ್ತಿತ್ತು.

“ಅಕ್ಕಾ, ನಿನ್ನ ಕತ್ತೆ ಹೋಯ್ತು, ಅದರ ಜೋಡಿ ಇನ್ನೂ ಮೇಯ್ತಾ ಇದೆ ನೋಡೇ,” ಅಂದಳು ಹನಿಯಾ ಮೆಲ್ಲಗೆ.

ತಾಮುವಿಗೆ ನಗು ತಡೆಯಲಿಲ್ಲ. “ಗಡ್ಡಕ್ಕೂ ತುತ್ತು ಕೊಡ್ತಾ ಇದ್ದಾನೆ ಮುದುಕ.”

ಅಲ್ಲಾಲ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಿಂದಿಟ್ಟ. ತೋಳಿನಿಂದ ಗಡ್ಡ ಒರೆಸಿಕೊಂಡ. ಉದುರಿದ್ದೆಲ್ಲ ಹೋದಮೇಲೂ ಒರೆಸುತ್ತಲೇ ಇದ್ದ. ಆಮೇಲೆ ತಲೆಯೆತ್ತಿ ನೇರ ತಾಮುವನ್ನು ನೋಡಿದ.

ಅವಳು ಎದ್ದು ಅಂಗಳ ದಾಟಿ ಅವನೆದುರು ಕುಕ್ಕರಿಸಿದಳು. “ಅಣ್ಣಾ, ನಾವಂದದ್ದು ನಿಮಗೆ ಹೇಗೆ...”

“ಅಷ್ಟೂ ಸುತ್ತಿಗೆ ಒಟ್ಟಿಗೆ ಬೀಳೋವಾಗ ಚೌಕದಲ್ಲಿ ಕಿವಿ ಇದ್ದೋನಿಗೂ ಏನೂ ಕೇಳಲ್ಲ ತಂಗಿ. ತುಟಿ ನೋಡಿಯೇ ನಾವು ಮಾತಾಡೋದು. ಬೂಶ್ತಾನೇ ನನಗೆ ಕಲಿಸಿದ್ದು.”

“ಹಾಗಾದ್ರೆ ಮನೇಲಿ ನಾವು...”

“ಕತ್ತೆ ಅನ್ನೋದು ನಿನ್ನ ತುಟಿ ಮೇಲೆ ಬಲು ಚೆನ್ನಾಗಿ ಕಾಣ್ತದೆ ಅಂತಿದ್ದ.”

ಯಾಕೆ ಒಂದು ದಿನವೂ ಹೇಳಲಿಲ್ಲ ಎಂದು ಕೇಳಿದಳು. ಹೇಳಿದರೆ ಮನೆಯಲ್ಲಿ ನಗು ನಿಂತುಹೋಗುತ್ತದೆ ಅನ್ನುತ್ತಿದ್ದನಂತೆ.

ತಾಮು ಅಲ್ಲಾಲನ ನಿಲುವಂಗಿಯ ಅಂಚು ಹಿಡಿದಳು. “ಕೊನೇ ದಿನ ಅವರ ತುಟಿ ಅಲುಗ್ತಿತ್ತು. ನಾನು ದೇವರ ಹೆಸರು ಅಂದುಕೊಂಡೆ. ನೀವು ನೋಡಿದ್ರಿ. ನನ್ನನ್ನ ಕ್ಷಮಿಸಿದ್ರಾ ಅಣ್ಣಾ?”

ಅಲ್ಲಾಲ್ ಅವಳೊಬ್ಬಳಿಗೇ ಕಾಣುವ ಹಾಗೆ ಮುಖ ಹತ್ತಿರ ತಂದು ತುಟಿ ಅಲ್ಲಾಡಿಸಿದ. ಅವಸರವಿಲ್ಲದೆ, ದನಿಯಿಲ್ಲದೆ, ಒಂದಿಡೀ ಮಾತು. ಅವಳು ಕಣ್ಣು ಕೀಲಿಸಿ ನೋಡಿದಳು. ಒಂದಕ್ಷರವೂ ತಿಳಿಯಲಿಲ್ಲ.

“ದನಿ ತೆಗೆದು ಹೇಳಿ.”

“ಅವನು ಹೇಳಿದ್ದು ಹೀಗೇ,” ಅಂದ ಅಲ್ಲಾಲ್, ಎದ್ದು ಚಪ್ಪಲಿ ಮೆಟ್ಟಿದ.

ಏನಂದ, ಏನಂದ ಅಂತ ಹೆಂಗಸರು ಸುತ್ತುಗಟ್ಟಿದರು.

“ಮನಸ್ಸು ತಂಪಾಗಿ ಹೋದ್ರಂತೆ,” ಅಂದಳು ತಾಮು.

ಎಲ್ಲರೂ ಅವಳ ಪುಣ್ಯ ಕೊಂಡಾಡಿದರು. ಅಲ್ಲಾಲ್ ಬಾಗಿಲಲ್ಲಿ ನಿಂತು ಅವಳ ತುಟಿಯನ್ನೇ ನೋಡಿದ, ಆಮೇಲೆ ಹೊರಟುಹೋದ.