ಬೀರು ಸರಿಸಿದ್ದು

"ಎಡಕ್ಕೆ... ಇಲ್ಲ, ಮೂಲೆ ತಗಲ್ತಿದೆ."

ಪೆಟ್ಟಿಗೆ ಮತ್ತೆ ಹಜಾರದ ತಿರುವಿನಲ್ಲಿ ಸಿಕ್ಕಿಕೊಂಡಿತು. ಬೆಳಿಗ್ಗೆ ಖಾಲಿಯಿದ್ದಾಗ ಅದನ್ನು ನಿಲ್ಲಿಸಿಕೊಂಡು ಒಳಗೆ ತಂದಿದ್ದರು. ಈಗ ಅದರಲ್ಲಿ ಬಡಗಿ ಹೆಣವಾಗಿ ಮಲಗಿದ್ದ.

"ಸ್ವಲ್ಪ ಓರೆ ಮಾಡಿ," ಎಂದಳು ಅವನ ಅಕ್ಕ.

"ಒಳಗೆ ಮನುಷ್ಯ ಇದಾನೆ, ಅಕ್ಕಾ," ಎಂದ ಹೊತ್ತವರಲ್ಲೊಬ್ಬ.

ಪಕ್ಕದ ಮನೆಯ ಟೈಲರಮ್ಮನಿಗೆ ತಲೆ ಚಿಟ್ಟುಹಿಡಿಯಿತು. ಊರಿಗೆಲ್ಲ ಬಾಗಿಲು ಕೂರಿಸಿದವನಿಗೆ ಸ್ವಂತ ಮನೆಯಿಂದ ಹೊರಬೀಳಲಾಗುತ್ತಿಲ್ಲ. ಅವಳೋ ಅಡುಗೆಮನೆಯ ಹತ್ತಿರ ಅಕ್ಕಪಕ್ಕದವರ ಜೊತೆ ನಿಂತಿದ್ದಳು. ಅಲ್ಲೇ ನಿಲ್ಲಬೇಕೆಂದು ಅಕ್ಕನ ಅಪ್ಪಣೆಯಾಗಿತ್ತು: "ನೋಡೋರು ಏನಾದ್ರೂ ಅಂದ್ಕೊಂಡಾರು."

*

"ಅಕ್ಕನ್ನ ಒಂದು ಮಾತು ಕೇಳ್ತೀನಿ, ಆಮೇಲೆ ಮದುವೆ ಆಗೋಣ," ಎಂದಿದ್ದ ಬಡಗಿ. ಟೈಲರಮ್ಮ ಗಂಡನನ್ನು ಬಿಟ್ಟು ಬಂದವಳು. ಅವನಿಗೆ ಅದೇ ಅಳುಕು.

"ಆಮೇಲೆ ಅಂದ್ರೆ? ಹಲ್ಲೆಲ್ಲ ಉದುರಿದ ಮೇಲಾ?" ಎಂದು ಅವಳು ರೇಗಿದ್ದಳು.

ಮರುವಾರ ಅವನು ಎರಡು ಮನೆಗಳ ನಡುವಿನ ಗೋಡೆ ಒಡೆದ. ಬಡಗಿಯ ಮನೆಯಲ್ಲಿ ಸದ್ದಾದರೆ ಯಾರು ಕೇಳುತ್ತಾರೆ? ಅಲ್ಲೊಂದು ಬಾಗಿಲು ಕೂರಿಸಿ, ತನ್ನ ಮನೆಯ ಕಡೆ ಅದಕ್ಕೆ ಅಡ್ಡವಾಗಿ ಒಂದು ಬೀರು ನಿಲ್ಲಿಸಿ, ಬೀರುವಿನ ಅಡಿಗೆ ಕಾಣದಂತೆ ಚಕ್ರ ಹಾಕಿದ.

"ಮದುವೆ ಕೇಳಿದ್ರೆ ಬಾಗಿಲು ಕೊಡ್ತೀಯಾ?"

"ತೇಗದ್ದು ಕಣೇ," ಎಂದ ಘನಕಾರ್ಯ ಸಾಧಿಸಿದವನಂತೆ.

ಅವಳಿಗೆ ನಗು ಬಂತು. ನಗಬಾರದಿತ್ತು. ಅಂದಿನಿಂದ ಊಟಕ್ಕೆ, ಜಗಳಕ್ಕೆ, ಜ್ವರ ಬಂದರೆ ಮಲಗುವುದಕ್ಕೆ ಎಲ್ಲಕ್ಕೂ ಅವನು ಬೀರು ಸರಿಸಿಕೊಂಡೇ ಬಂದ. ಅವಳ ಬೀದಿಬಾಗಿಲನ್ನು ಮಾತ್ರ ಒಮ್ಮೆಯೂ ದಾಟಲಿಲ್ಲ.

*

"ಪೆಟ್ಟಿಗೆ ಕೆಳಗಿಳಿಸಿ," ಎಂದು ಟೈಲರಮ್ಮ ಬೀರುವಿನ ಹತ್ತಿರ ಹೋದಳು.

"ಅದನ್ನ ನಾಲ್ಕು ಜನ ಸೇರಿದ್ರೂ ಅಲ್ಲಾಡಿಸೋಕಾಗಲ್ಲ," ಎಂದಳು ಅಕ್ಕ.

ಟೈಲರಮ್ಮ ಒಂದೇ ಕೈಯಲ್ಲಿ ತಳ್ಳಿದಳು. ಬೀರು ಸದ್ದಿಲ್ಲದೆ ಸರಿಯಿತು. ತೆರೆದೇ ಇದ್ದ ಬಾಗಿಲಾಚೆ ಅವಳ ಹೊಲಿಗೆ ಯಂತ್ರ, ಅದರ ಮೇಲೆ ಬಡಗಿಯ ಕನ್ನಡಕ, ಕೆಳಗೆ ಅವನ ಚಪ್ಪಲಿ.



"ನಿಮ್ಮನ್ನ ಕೇಳ್ತೀನಿ ಅಂತಿದ್ದ. ನೀವು ಬೇಡ ಅಂದ್ರಾ?" ಎಂದಳು ಟೈಲರಮ್ಮ.

"ಕೇಳಿದ್ರೆ ನಾನು ಬೇಡ ಅಂತಿದ್ದೆನೋ ಏನೋ," ಅಕ್ಕ ಕನ್ನಡಕವನ್ನೇ ನೋಡುತ್ತಿದ್ದಳು. "ಅವನು ಕೇಳ್ಲೇ ಇಲ್ವಲ್ಲಮ್ಮ."

ಟೈಲರಮ್ಮನಿಗೆ ಪೆಟ್ಟಿಗೆ ತೆರೆದು ಅವನನ್ನು ಎಬ್ಬಿಸಿ ಬೈಯುವಷ್ಟು ಸಿಟ್ಟು ಬಂತು. ಎಬ್ಬಿಸಿದರೆ ಎದ್ದಾನೆಯೇ ಎಂದು ದುಃಖವೂ ಉಕ್ಕಿತು. ಮೂಗೊರೆಸಿಕೊಂಡು ಹೋಗಿ ತನ್ನ ಬೀದಿಬಾಗಿಲಿನ ಎರಡೂ ರೆಕ್ಕೆಗಳನ್ನು ತೆರೆದಳು. ಬೀದಿಯ ತುಂಬ ಜನ ಇತ್ತಲೇ ನೋಡುತ್ತಿದ್ದರು.

ಪೆಟ್ಟಿಗೆ ಅವಳ ಮನೆಯ ಮೂಲಕ ಎಲ್ಲೂ ತಗಲದೆ ನೇರವಾಗಿ ಹೊರಗೆ ಹೋಯಿತು. ಅವಳು ಅವನ ಚಪ್ಪಲಿಗಳನ್ನು ತಂದು ಹೊರಗಿನ ಮೆಟ್ಟಿಲ ಮೇಲೆ, ತನ್ನವುಗಳ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟಳು.