ಎದುರಾಳಿಯ ಹೆಗಲ ಮೇಲೆ ಕೂಸು

ಆ ಬೆಳಿಗ್ಗೆ ಹೊಳೆಯ ಮಂಜು ಹರಿಹರದ ಊರೊಳಗೇ ಬಂದು ಕೂತಿತ್ತು. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಕಣದ ಈ ತುದಿಯಲ್ಲಿ ನಿಂತರೆ ಆ ತುದಿಯ ಕಂಬ ಕಾಣುತ್ತಿರಲಿಲ್ಲ. ಬಿಸಿಲೇರಿ ಆಟ ಶುರುವಾಗುವಾಗ ಒಂಬತ್ತೂವರೆ.

ದಾವಣಗೆರೆಯ ಹುಡುಗಿಯರ ಕೋಚ್ ರಶ್ಮಿಗೆ ಎಂಟು ತಿಂಗಳ ಮಗಳು. "ಕೂಸು ಕಟ್ಕಂಡು ಕೋಚಿಂಗ್ ಆಗುತ್ತೇನಮ್ಮ? ಈ ಸೆಮಿಫೈನಲ್ ಸೋತ್ರೆ ಬೇರೆಯವರನ್ನ ನೋಡ್ತೀವಿ," ಎಂದು ಪ್ರಾಂಶುಪಾಲರು ಹೇಳಿ ಕಳಿಸಿದ್ದರು. ಕೂಸನ್ನು ನೋಡಿಕೊಳ್ಳಲು ಕಡರನಾಯಕನಹಳ್ಳಿಯಿಂದ ಅತ್ತೆ ಕೆಂಚವ್ವ ಬಂದಿದ್ದರು.

ಹರಿಹರದ ಕೋಚ್ ಉಚ್ಚಂಗೆಪ್ಪನವರ ಬಲವೆಲ್ಲ ಗಂಟಲಲ್ಲಿ. ಅವರು ಕೂಗಿದ ಕಡೆಗೇ ಅವರ ಹುಡುಗಿಯರ ಓಟ. ಮೊದಲರ್ಧ ಮುಗಿದಾಗ ರಶ್ಮಿಯ ತಂಡ ಒಂಬತ್ತು ಪಾಯಿಂಟ್ ಹಿಂದೆ. ಅಷ್ಟರಲ್ಲಿ ಕೂಸು ರಚ್ಚೆ ಹಿಡಿಯಿತು. ಕೆಂಚವ್ವ ಅದನ್ನೆತ್ತಿಕೊಂಡು ಸೀದಾ ಎದುರಾಳಿಯ ಬೆಂಚಿಗೆ ಹೋದರು.

"ತಮ್ಮಾ, ಒಂದ್ ಗಳಿಗೆ ಹಿಡ್ಕಳಪ್ಪ. ನನ್ ಸೊಂಟ ಹಿಡ್ಕಂಡೈತೆ."

ಕೈಗೆ ಕೊಟ್ಟ ಕೂಸನ್ನು ಬೇಡವೆನ್ನುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ದೇವರು ಯಾರ ನಿದ್ದೆಯನ್ನು ಎಲ್ಲಿ ಇಟ್ಟಿರುತ್ತಾನೋ ಯಾರು ಬಲ್ಲರು. ಉಚ್ಚಂಗೆಪ್ಪನವರ ಹೆಗಲಿಗೆ ಕೆನ್ನೆ ತಾಗಿದ್ದೇ ತಡ, ಕೂಸು ಮಲಗಿಬಿಟ್ಟಿತು.

ಆಟ ಮತ್ತೆ ಶುರುವಾಯಿತು. "ಏ ವಾಣೀ..." ಎಂದು ಉಚ್ಚಂಗೆಪ್ಪ ಬಾಯಿ ತೆರೆದರು.

"ಶ್! ಮಲಗಿದ ಕೂಸು ಎಬ್ಬಿಸ್ತೀಯಾ? ಪಾಪ ಸುತ್ಕಂತೈತೆ," ಎಂದರು ಕೆಂಚವ್ವ.

"ಹಂಗಾರೆ ನೀವೇ ತಗಳ್ರವ್ವ."

"ಮುಟ್ಟಿದ್ರೆ ಎದ್ದೇಳ್ತೈತೆ. ಇರ್ಲಿ ಬಿಡು."

ಉಚ್ಚಂಗೆಪ್ಪ ಕಣ್ಣಲ್ಲಿ ಹೇಳಿ ನೋಡಿದರು, ಹುಬ್ಬಲ್ಲಿ ಹೇಳಿ ನೋಡಿದರು. ಹುಬ್ಬಿನ ಭಾಷೆಯನ್ನು ಆ ಹುಡುಗಿಯರಿಗೆ ಯಾರು ಕಲಿಸಿದ್ದರು? ಇಬ್ಬರು ಒಂದೇ ಚೆಂಡಿಗೆ ಓಡಿ ಡಿಕ್ಕಿ ಹೊಡೆದುಕೊಂಡರು. ನಾಲ್ಕು ನಿಮಿಷ ಉಳಿದಾಗ ರಶ್ಮಿಯ ತಂಡ ಐದು ಪಾಯಿಂಟ್ ಮುಂದೆ.

ಚೆಂಡಿನ ಮೇಲೇ ಕಣ್ಣಿಟ್ಟಿದ್ದ ರಶ್ಮಿ ಆಗ ಆ ಬೆಂಚಿನತ್ತ ತಿರುಗಿದಳು. ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ಸೊಂಟ ನೋವಿನ ಗುಟ್ಟು ತಿಳಿಯಿತು. ತನಗೆ ಉಳಿದಿದ್ದ ಕೊನೆಯ ಟೈಮ್‌ಔಟ್ ಕೇಳಿದಳು. ಒಂದು ನಿಮಿಷದ ಮಟ್ಟಿಗೆ ಆಟ ನಿಂತಿತು. ಕೂಸನ್ನು ತರಲು ಹೊರಟಳು.

"ಬ್ಯಾಡ್ರಿ ಮೇಡಂ," ನಾಯಕಿ ರುಮಾನಾ ಅಂಗಲಾಚಿದಳು. "ಇನ್ನ ನಾಕೇ ನಿಮಿಷ ಮಲಗ್ಲಿ, ನಿಮ್ ಕೆಲ್ಸ ಉಳಿತೈತೆ!"

"ನೀವು ಉಳಿಸ್ರೇ. ಕೂಸಿನ ಕೈಲಿ ಯಾಕ ಉಳಿಸ್ತೀರಿ?"

ದಾವಣಗೆರೆ ಒಂದೇ ಪಾಯಿಂಟಿನಿಂದ ಗೆದ್ದದ್ದು, ಅಷ್ಟಾದರೂ ಕೆಂಚವ್ವ ವಾರವಿಡೀ ಸೊಸೆಯೊಂದಿಗೆ ಮುನಿಸಿಕೊಂಡಿದ್ದು, ಎಲ್ಲ ಆಮೇಲಿನ ಮಾತು. ಆಗ ಮಾತ್ರ ರಶ್ಮಿ ಅಂಕಣದ ಅಂಚಿನಲ್ಲೇ ನಡೆದುಹೋಗಿ, ಕೂಸಿನ ತಲೆಗೊಂದು ಬೆನ್ನಿಗೊಂದು ಕೈಯಿಟ್ಟು, ಉಚ್ಚಂಗೆಪ್ಪನವರ ಹೆಗಲಿನಿಂದ ಎತ್ತಿಕೊಂಡಳು.

"ಕೂಗ್ರಿ ಸರ್," ಎಂದಳು, ಮೆಲ್ಲಗೆ.